ನಡುಗುವ ಗಾಡಿಗೆ ನಾಲ್ಕು ಪ್ರಶ್ನೆ

ಚಳಿಜ್ವರ ಬಂದವನ ಮೈ ನಡುಗುತ್ತದೆ. ಕಂಬಳಿ ಹೊದಿಸಿದರೆ ನಡುಕ ತುಸು ಕಡಿಮೆಯಾದೀತು, ಜ್ವರ ಹೋಗುವುದಿಲ್ಲ. ಹೆದರಿದವನೂ ನಡುಗುತ್ತಾನೆ, ಹಸಿದವನೂ ನಡುಗುತ್ತಾನೆ, ಮುಪ್ಪಾದವರ ಕೈಯೂ ನಡುಗುತ್ತದೆ. ನಡುಕ ನೋಡಲು ಒಂದೇ, ಕಾರಣ ಬೇರೆ ಬೇರೆ. ಒಳ್ಳೆಯ ವೈದ್ಯರು ಔಷಧದ ಚೀಟಿ ಬರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ. ಯಾವಾಗಿನಿಂದ? ಯಾವ ಹೊತ್ತಿನಲ್ಲಿ ಹೆಚ್ಚು? ಊಟ ಮಾಡಿದ ಮೇಲೆ ಹೇಗೆ? ಮಲಗಿದಾಗ ಹೇಗೆ? ಈ ಪ್ರಶ್ನೆಗಳಿಗೆ ಕಾಸು ಖರ್ಚಾಗುವುದಿಲ್ಲ. ಆದರೂ ಅರ್ಧ ರೋಗ ಅಲ್ಲಿಯೇ ಗೊತ್ತಾಗುತ್ತದೆ.

ವಾಹನಗಳ ಮಾತೂ ಹೀಗೆಯೇ. ಅದರಲ್ಲೂ ಹತ್ತು-ಹದಿನೈದು ವರ್ಷ ದುಡಿದ, ಕೈಯಿಂದ ಗೇರು ಬದಲಾಯಿಸುವ ಹಳೆಯ ಪಿಕಪ್ ಗಾಡಿಗಳು ನಡುಗಲು ಆರಂಭಿಸಿದರೆ ಯಜಮಾನನ ಎದೆಯೂ ನಡುಗುತ್ತದೆ. ಸ್ಟೇರಿಂಗ್ ಅದುರುತ್ತದೆ, ಗೇರ್ ಲಿವರ್ ಕುಣಿಯುತ್ತದೆ, ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕಾಗುತ್ತದೆ. ಗ್ಯಾರೇಜಿಗೆ ಹೋದರೆ ಒಬ್ಬರು ಟೈರು ಎನ್ನುತ್ತಾರೆ, ಇನ್ನೊಬ್ಬರು ನಾಝಲ್ ಎನ್ನುತ್ತಾರೆ, ಮತ್ತೊಬ್ಬರು ಎಂಜಿನ್ನೇ ಇಳಿಸಬೇಕು ಎನ್ನುತ್ತಾರೆ. ಮೂರು ಮಾತಿಗೆ ಮೂರು ಬೆಲೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಥದೊಂದು ಪಿಕಪ್ ಇತ್ತು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಕಂಪ್ಯೂಟರಿನ ಹಂಗಿಲ್ಲದ ಹಳೆಯ ಕಾಲದ ಪಂಪು. ಟೊಮೆಟೊ ಕಾಲದಲ್ಲಿ ಅದರ ಯಜಮಾನ ನಸುಕಿನಲ್ಲೇ ಎದ್ದು ಹದಿನೈದು ಕಿಲೋ ತೂಗುವ ಬಾಕ್ಸುಗಳನ್ನು ಅರವತ್ತರ ಲೆಕ್ಕದಲ್ಲಿ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಡುತ್ತಿದ್ದ. ಮಾವಿನ ಕಾಲದಲ್ಲಿ ಮಾವು, ಉಳಿದ ದಿನಗಳಲ್ಲಿ ಸಿಕ್ಕಿದ ಬಾಡಿಗೆ. ಮನೆಯಲ್ಲಿ ಹೆಂಡತಿ, ಮುದುಕಿ ತಾಯಿ ಮತ್ತು ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದು ಕುಳಿತಿದ್ದ ಒಬ್ಬಳೇ ಮಗಳು. ಆಕೆಯ ಕಾಲೇಜಿನ ಶುಲ್ಕಕ್ಕೆಂದು ಎರಡು ವರ್ಷದಿಂದ ಚೀಟಿ ಕಟ್ಟಿ ಕೂಡಿಟ್ಟ ಹಣ ಬ್ಯಾಂಕಿನಲ್ಲಿತ್ತು.

ಗಾಡಿ ನಡುಗಲು ಶುರುವಾದದ್ದು ಬೇಸಗೆಯ ಮೊದಲಲ್ಲಿ. ಮೊದಲು ಸಣ್ಣಗೆ, ಆಮೇಲೆ ಸೀಟಿನ ಮೇಲೆ ಇಟ್ಟ ಊಟದ ಡಬ್ಬಿ ಟಣಟಣ ಎನ್ನುವಷ್ಟು. ಯಜಮಾನ ಪಟ್ಟಣಕ್ಕೆ ಹೋಗಿ ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿದ. ನಡುಕ ನಿಲ್ಲಲಿಲ್ಲ. ನಾಝಲ್‌ಗಳನ್ನು ಬಿಚ್ಚಿಸಿ ಸರಿಪಡಿಸಿದ್ದಾಯಿತು. ಹೊಗೆ ಸ್ವಲ್ಪ ತಿಳಿಯಾಯಿತು, ನಡುಕ ಹಾಗೆಯೇ ಉಳಿಯಿತು. ಕೊನೆಗೆ ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ಕ್ರ್ಯಾಂಕ್ ಬೇರಿಂಗ್ ಹೋಗಿರಬೇಕು, ಎಂಜಿನ್ ಇಳಿಸಿ ನೋಡಬೇಕು. ಅರವತ್ತು ಸಾವಿರ ಇಟ್ಟುಕೊಳ್ಳಿ" ಎಂದುಬಿಟ್ಟರು.

ಅರವತ್ತು ಸಾವಿರ! ಬ್ಯಾಂಕಿನಲ್ಲಿದ್ದ ಹಣವೂ ಹೆಚ್ಚುಕಡಿಮೆ ಅಷ್ಟೇ. ಆ ರಾತ್ರಿ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. "ಗಾಡಿ ಇದ್ರೆ ಅನ್ನ. ಓದು ಒಂದು ವರ್ಷ ತಡ ಆದ್ರೆ ಏನಾಗುತ್ತಮ್ಮಾ?" ಎಂದ ತಂದೆ, ಮಗಳ ಮುಖ ನೋಡದೆ. ಮಗಳು "ಆಯ್ತಪ್ಪಾ" ಎಂದಳು. ಒಂದು ವರ್ಷ ತಡವಾದ ಹಳ್ಳಿಯ ಹೆಣ್ಣುಮಗಳ ಓದು ಮತ್ತೆ ಶುರುವಾಗುವುದು ಎಷ್ಟು ಕಷ್ಟ ಎಂಬುದು ಮೂವರಿಗೂ ಗೊತ್ತಿತ್ತು. ತಾಯಿ ಮಾತ್ರ, "ನಾಲ್ಕು ದಿನ ತಡೀರಿ. ಕೋಲಾರದಲ್ಲಿ ಬಸ್ ಡಿಪೋದಿಂದ ರಿಟೈರ್ ಆದ ಮೇಸ್ತ್ರಿ ಒಬ್ಬರಿದ್ದಾರಂತೆ, ಒಂದು ಸಲ ತೋರಿಸಿ" ಎಂದಳು. ಮೇಸ್ತ್ರಿಗಳನ್ನು ಕಾಣಲು ತಂದೆ ಹೊರಟಾಗ ಮಗಳೂ ಗಾಡಿ ಹತ್ತಿದಳು.

ಆ ಹಿರಿಯರು ಮೊದಲ ಒಂದು ಗಂಟೆ ಸ್ಪ್ಯಾನರ್ ಮುಟ್ಟಲೇ ಇಲ್ಲ. ಬರೀ ಪ್ರಶ್ನೆ ಕೇಳಿದರು. ಮಗಳು ಹಳೆಯ ಭೌತಶಾಸ್ತ್ರದ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಉತ್ತರಗಳನ್ನು ಬರೆದುಕೊಂಡಳು.

ಮೊದಲ ಪ್ರಶ್ನೆ: "ಯಾವಾಗಿಂದ ಹಿಂಗೆ ಅಣ್ಣ? ಅದಕ್ಕೆ ಮುಂಚೆ ಏನು ಕೆಲಸ ಮಾಡಿಸಿದ್ರಿ?"

ತಂದೆ ನೆನಪು ಮಾಡಿಕೊಂಡ. ಸಂಕ್ರಾಂತಿ ಕಳೆದ ಮೇಲೆ ಕ್ಲಚ್ ಪ್ಲೇಟ್ ಹಾಕಿಸಿದ್ದು. ಆಮೇಲೆ ಒಂದು ತಿಂಗಳಿಗೆ ನಡುಕ. ಮೇಸ್ತ್ರಿ ಹೂಂಗುಟ್ಟಿದರು, ತೀರ್ಮಾನಕ್ಕೆ ಬರಲಿಲ್ಲ. ಹಿಂದೆ ನಡೆದದ್ದೆಲ್ಲ ಮುಂದೆ ಆದದ್ದಕ್ಕೆ ಕಾರಣವಾಗಬೇಕೆಂದಿಲ್ಲ. ಕಾಗೆ ಕೂತಿತು, ಕೊಂಬೆ ಮುರಿಯಿತು ಎನ್ನುವಂತೆ ಕಾಕತಾಳೀಯವೂ ಇರಬಹುದು. ಆದರೆ ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್‌ಬಾಕ್ಸನ್ನು ಕೆಳಗಿಳಿಸಿ ಮತ್ತೆ ಏರಿಸಲೇಬೇಕು. ಅಂದರೆ ಅಲ್ಲಿ ಕೈಯಾಡಿಸಿದ್ದಾರೆ. ಅನುಮಾನದ ಪಟ್ಟಿಯಲ್ಲಿ ಅದಕ್ಕೊಂದು ಸ್ಥಾನ ಸಿಕ್ಕಿತು, ಅಷ್ಟೇ.

ಎರಡನೆಯ ಪ್ರಶ್ನೆ: ನಡುಕ ನಿಂತಾಗಲೋ, ಓಡುವಾಗಲೋ?

ಇದು ಬಹಳ ಮುಖ್ಯ. ನಿಂತ ಗಾಡಿಯಲ್ಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೆ ಚಕ್ರ ತಿರುಗುವುದಿಲ್ಲ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೂ ತಿರುಗುವುದಿಲ್ಲ. ಆಗಲೂ ನಡುಕ ಇದೆ ಎಂದಾದರೆ ಟೈರು, ರಿಮ್ಮು, ಶಾಫ್ಟು, ಅದರ ಜಾಯಿಂಟ್ ಕ್ರಾಸು ಎಲ್ಲವೂ ಆ ನಡುಕದ ಮಟ್ಟಿಗೆ ನಿರ್ದೋಷಿಗಳು. ಈ ಗಾಡಿ ನಿಂತಲ್ಲೇ ನಡುಗುತ್ತಿತ್ತು. ಅಂದಮೇಲೆ ಚಕ್ರಗಳ ಬ್ಯಾಲೆನ್ಸಿಂಗಿಗೆ ಕೊಟ್ಟ ಹಣ ನಿಲ್ಲಿಸಿ ನೋಡಿದ್ದರೆ ಉಳಿಯುತ್ತಿತ್ತು.

ಓಡುವಾಗ ಮಾತ್ರ ನಡುಗುವ ಗಾಡಿಗೆ ಇನ್ನೊಂದು ಉಪಾಯವಿದೆ. ಖಾಲಿ ನೇರ ರಸ್ತೆಯಲ್ಲಿ ಒಂದೇ ವೇಗವನ್ನು, ಗಂಟೆಗೆ 40 ಕಿ.ಮೀ. ಎನ್ನಿ, ಮೊದಲು ಮೂರನೆಯ ಗೇರಿನಲ್ಲಿ, ಆಮೇಲೆ ನಾಲ್ಕನೆಯ ಗೇರಿನಲ್ಲಿ ಹಿಡಿದು ನೋಡಬೇಕು. ವೇಗ ಒಂದೇ ಆದ್ದರಿಂದ ಚಕ್ರವೂ ಶಾಫ್ಟೂ ಎರಡು ಸಲವೂ ಒಂದೇ ಗತಿಯಲ್ಲಿ ತಿರುಗುತ್ತವೆ. ಎಂಜಿನ್ ಮಾತ್ರ ಮೂರನೆಯ ಗೇರಿನಲ್ಲಿ ಹೆಚ್ಚು ಸುತ್ತುತ್ತದೆ. ನಡುಕ ಎರಡರಲ್ಲೂ ಒಂದೇ ಆಗಿದ್ದರೆ ದೋಷ ಚಕ್ರದ ಕಡೆಗೆ. ಗೇರು ಬದಲಾದೊಡನೆ ನಡುಕವೂ ಬದಲಾದರೆ ದೋಷ ಎಂಜಿನ್ನಿನ ಕಡೆಗೆ. ಓಡುವಾಗ ಕ್ಲಚ್ ತುಳಿದು ಎಂಜಿನ್ನಿನ ವೇಗ ಇಳಿಯಲು ಬಿಟ್ಟೂ ಇದನ್ನೇ ತಿಳಿಯಬಹುದು. ಆದರೆ ಎಂಜಿನ್ನನ್ನು ಆರಿಸಬಾರದು. ಆರಿಸಿದರೆ ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ನೆರವು ತಪ್ಪಿ ಅಪಾಯವಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಪಿಕಪ್‌ನ ಟೈರಿನ ಸುತ್ತಳತೆ ಸುಮಾರು 2.1 ಮೀಟರ್ ಎಂದುಕೊಳ್ಳೋಣ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ ಆರೂವರೆ ಸುತ್ತು ತಿರುಗುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ನಾಲ್ಕು ಸುತ್ತಿಗೆ ಒಂದು ಸುತ್ತು ಎಂಬ ಅನುಪಾತವಿದ್ದರೆ ಶಾಫ್ಟು ಸೆಕೆಂಡಿಗೆ ಸುಮಾರು 26 ಸುತ್ತು ತಿರುಗುತ್ತದೆ. ಚಕ್ರದ ದೋಷ ದಢದಢ ಎನ್ನುತ್ತದೆ, ಶಾಫ್ಟಿನ ದೋಷ ಗುಂಯ್ ಎನ್ನುತ್ತದೆ. ಅನುಭವಿ ಚಾಲಕರು ಲೆಕ್ಕ ಹಾಕದೆಯೇ ಇದನ್ನು ಸೀಟಿನಲ್ಲಿ ಕೂತು ಗುರುತಿಸುತ್ತಾರೆ.

ಮೂರನೆಯ ಪ್ರಶ್ನೆ: ಕ್ಲಚ್ ತುಳಿದರೆ ಏನಾಗುತ್ತದೆ?

ಕೈಗೇರಿನ ಗಾಡಿಗಳಲ್ಲಿರುವ ದೊಡ್ಡ ಅನುಕೂಲವೇ ಈ ಪೆಡಲ್. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರವಿದೆ. ಅದಕ್ಕೆ ಪ್ರೆಷರ್ ಪ್ಲೇಟ್ ಬಿಗಿದಿರುತ್ತದೆ. ಇವೆರಡರ ನಡುವೆ ರೊಟ್ಟಿಯಂತೆ ಕ್ಲಚ್ ಪ್ಲೇಟ್ ಸಿಕ್ಕಿಕೊಂಡು ಗೇರ್‌ಬಾಕ್ಸಿನ ಮೊದಲ ಶಾಫ್ಟನ್ನು ತಿರುಗಿಸುತ್ತದೆ. ಪೆಡಲ್ ತುಳಿದಾಗ ಹಿಡಿತ ಬಿಟ್ಟು ಕ್ಲಚ್ ಪ್ಲೇಟೂ ಆ ಶಾಫ್ಟೂ ನಿಲ್ಲುತ್ತವೆ. ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ಎಂಜಿನ್ನಿನೊಂದಿಗೆ ತಿರುಗುತ್ತಲೇ ಇರುತ್ತವೆ. ಹಾಗಾಗಿ ತುಳಿದೊಡನೆ ಸದ್ದು, ಅದುರು ಮಾಯವಾದರೆ ಗೇರ್‌ಬಾಕ್ಸಿನ ಬೇರಿಂಗನ್ನೋ ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳನ್ನೋ ಅನುಮಾನಿಸಬೇಕು. ತುಳಿದಾಗಲೇ ಹೊಸದಾಗಿ ಸದ್ದು ಹುಟ್ಟಿದರೆ ಕ್ಲಚ್ ರಿಲೀಸ್ ಬೇರಿಂಗ್. ತುಳಿದರೂ ಬಿಟ್ಟರೂ ವ್ಯತ್ಯಾಸವಿಲ್ಲವೆಂದರೆ ಎಂಜಿನ್, ಫ್ಲೈವೀಲ್, ಪ್ರೆಷರ್ ಪ್ಲೇಟ್, ಫ್ಯಾನು, ಪುಲ್ಲಿ ಅಥವಾ ಇವೆಲ್ಲವನ್ನೂ ಹೊತ್ತು ನಿಂತ ಆಧಾರಗಳು. ಈ ಗಾಡಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಗಳು ಹಾಳೆಯಲ್ಲಿ ಇನ್ನೆರಡು ಹೆಸರುಗಳ ಮೇಲೆ ಗೀಟು ಎಳೆದಳು.

ನಾಲ್ಕನೆಯ ಪ್ರಶ್ನೆ: ನಾಲ್ಕು ಸಿಲಿಂಡರೂ ಸಮನಾಗಿ ದುಡಿಯುತ್ತಿವೆಯೇ?

ನಾಲ್ಕು ಎತ್ತು ಎಳೆಯುವ ಗಾಡಿಯಲ್ಲಿ ಒಂದು ಎತ್ತು ಕುಂಟಿದರೆ ಗಾಡಿ ಜಗ್ಗಿ ಜಗ್ಗಿ ನಡೆಯುತ್ತದೆ. ಎಂಜಿನ್ನೂ ಹಾಗೆಯೇ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿನಲ್ಲೂ ಇಂಧನ ಒಂದು ಸಲ ಉರಿಯುತ್ತದೆ. ನಾಲ್ಕು ಸಿಲಿಂಡರಿದ್ದರೆ ಪ್ರತಿ ಸುತ್ತಿಗೆ ಎರಡು ಉರಿ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಹನ್ನೆರಡೂವರೆ ಸುತ್ತು, 25 ಉರಿ. ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು ಆರು ಸಲ, ಎಂಜಿನ್ ಮುಗ್ಗರಿಸುತ್ತದೆ. ಆರು ಸಲದ ಆ ಕುಲುಕಾಟವನ್ನು ಕೈಯಿಟ್ಟರೆ ಎಣಿಸುವಷ್ಟು ಸ್ಪಷ್ಟವಾಗಿ ಗುರುತಿಸಬಹುದು.

ಹಳೆಯ ಪಂಪಿನ ಡೀಸೆಲ್ ಎಂಜಿನ್ನಿನಲ್ಲಿ ಮೇಸ್ತ್ರಿಗಳು ಇದನ್ನು ಪರೀಕ್ಷಿಸುವ ಕ್ರಮ ಸರಳ. ನಾಝಲ್‌ಗೆ ಹೋಗುವ ಪೈಪಿನ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸುತ್ತಾರೆ. ಆಗ ಆ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ. ಆರೋಗ್ಯವಂತ ಸಿಲಿಂಡರಾಗಿದ್ದರೆ ಎಂಜಿನ್ ಕೂಡಲೇ ಮುಗ್ಗರಿಸುತ್ತದೆ. ಸಡಿಲಿಸಿದರೂ ಏನೂ ಬದಲಾಗದಿದ್ದರೆ ಆ ಸಿಲಿಂಡರ್ ಮೊದಲಿನಿಂದಲೂ ದುಡಿಯುತ್ತಿರಲಿಲ್ಲ ಎಂದರ್ಥ. ಇದು ಹವ್ಯಾಸಿಗಳ ಕೆಲಸವಲ್ಲ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗಬಲ್ಲುದು. ಇತ್ತೀಚಿನ ಕಾಮನ್ ರೈಲ್ ಗಾಡಿಗಳಲ್ಲಂತೂ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟು ಮೀರುತ್ತದೆ. ಅಲ್ಲಿ ಮೇಸ್ತ್ರಿಗಳೂ ನಟ್ಟು ಮುಟ್ಟುವಂತಿಲ್ಲ, ಕಂಪ್ಯೂಟರ್ ಜೋಡಿಸಿಯೇ ನೋಡಬೇಕು.

ಈ ಗಾಡಿ ಹಳೆಯದಾದ್ದರಿಂದ ಹಿರಿಯರು ದಪ್ಪ ಬಟ್ಟೆ ಸುತ್ತಿ, ಮುಖ ದೂರವಿಟ್ಟು ಒಂದೊಂದೇ ನಟ್ಟು ಸಡಿಲಿಸಿದರು. ಒಂದು, ಎರಡು, ಮೂರು, ನಾಲ್ಕು. ಪ್ರತಿ ಸಲವೂ ಎಂಜಿನ್ ಒಂದೇ ರೀತಿ ಮುಗ್ಗರಿಸಿ, ಬಿಗಿದ ಕೂಡಲೇ ಸುಧಾರಿಸಿಕೊಂಡಿತು. "ನಾಲ್ಕೂ ಎತ್ತು ಗಟ್ಟಿ ಇವೆ ಕಣಣ್ಣ" ಎಂದರು. ಆಯಿಲ್ ಪ್ರೆಷರ್ ಸರಿಯಾಗಿತ್ತು. ಬೇರಿಂಗ್ ಹೋದ ಎಂಜಿನ್ನಿನ ಟಕಟಕ ಪೆಟ್ಟು ಕೇಳಿಸುತ್ತಿರಲಿಲ್ಲ. ಎಂಜಿನ್ ಇಳಿಸಬೇಕೆಂಬ ಮಾತಿಗೆ ಅಲ್ಲಿಯವರೆಗೆ ಒಂದೂ ಸಾಕ್ಷಿ ಸಿಗಲಿಲ್ಲ.

ಈ ಹೊತ್ತಿಗೆ ಮಗಳಿಗೆ ಒಂದು ಯೋಚನೆ ಹೊಳೆಯಿತು. ಇಂದಿನ ಮೊಬೈಲುಗಳಲ್ಲಿ ವೇಗೋತ್ಕರ್ಷವನ್ನು ಅಳೆಯುವ ಒಂದು ಸಣ್ಣ ಚಿಪ್ ಇರುತ್ತದೆ. ಫೋನನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಅದರಿಂದಲೇ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಈ ಚಿಪ್ಪನ್ನು ಪ್ರಯೋಗಶಾಲೆಯ ಉಪಕರಣವನ್ನಾಗಿ ಮಾಡುತ್ತದೆ. ಸೆಕೆಂಡಿಗೆ ಎಷ್ಟು ಸಲದ ಕಂಪನ ಎಷ್ಟು ಬಲವಾಗಿದೆ ಎಂಬುದನ್ನು ಅದು ಗೆರೆಗಳಲ್ಲಿ ತೋರಿಸುತ್ತದೆ. ಕಾಲೇಜಿನಲ್ಲಿ ಲೋಲಕದ ಪ್ರಯೋಗಕ್ಕೆಂದು ಹಾಕಿಕೊಂಡಿದ್ದ ಆ ಆ್ಯಪ್ ತೆರೆದು ಆಕೆ ಫೋನನ್ನು ಸೀಟಿನ ಪಕ್ಕದ ತಗಡಿನ ಮೇಲೆ ಟೇಪಿನಿಂದ ಅಂಟಿಸಿದಳು. ಆರರ ಬಳಿ ಎತ್ತರದ ಗೆರೆ ಕಾಣಲಿಲ್ಲ, ಅಂದರೆ ಕುಂಟು ಸಿಲಿಂಡರ್ ಇಲ್ಲ. ಹನ್ನೆರಡೂವರೆಯ ಬಳಿಯೂ ಹೇಳಿಕೊಳ್ಳುವಂಥದೇನೂ ಇರಲಿಲ್ಲ. ಫ್ಲೈವೀಲ್ ಅಥವಾ ಪ್ರೆಷರ್ ಪ್ಲೇಟ್ ಒಂದು ಕಡೆಗೆ ಭಾರವಾಗಿದ್ದರೆ ಸುತ್ತಿಗೊಮ್ಮೆ ಜಗ್ಗಬೇಕಿತ್ತು. ಅಂಥ ಅಸಮತೋಲದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎರಡರಷ್ಟು ವೇಗಕ್ಕೆ ನಾಲ್ಕರಷ್ಟು ಬಲ. ಇಲ್ಲಿಯೋ ಐಡ್ಲಿಂಗ್‌ನಲ್ಲೇ ನಡುಕ ಹೆಚ್ಚು. ಎತ್ತರದ ಗೆರೆ ನಿಂತದ್ದು 25ರ ಬಳಿ.

ಇಪ್ಪತ್ತೈದು ಎಂದರೆ ಸರಿಯಾಗಿ ದುಡಿಯುತ್ತಿರುವ ನಾಲ್ಕು ಸಿಲಿಂಡರ್ ಎಂಜಿನ್ನಿನ ಸಹಜ ನಾಡಿಮಿಡಿತ! ಎಂಜಿನ್ ತಾನು ಹೇಗೆ ಅದುರಬೇಕೋ ಹಾಗೆಯೇ ಅದುರುತ್ತಿದೆ. ಹಾಗಾದರೆ ಇಷ್ಟು ವರ್ಷ ಆ ಅದುರು ಸೀಟಿಗೆ ಯಾಕೆ ಬರುತ್ತಿರಲಿಲ್ಲ? ಈಗ ಯಾಕೆ ಬರುತ್ತಿದೆ?

ಮೇಸ್ತ್ರಿ ಫೋನನ್ನು ನೋಡಿ ನಕ್ಕರು. ಅವರು ಬೆರಳ ತುದಿಯಲ್ಲಿ ಇದೇ ಮಾತನ್ನು ಆಗಲೇ ಓದಿಯಾಗಿತ್ತು. ಗಾಡಿಯ ಕೆಳಗೆ ಹೊಕ್ಕು, ಗೇರ್‌ಬಾಕ್ಸಿನ ಬಾಲದ ಕಡೆ ಟಾರ್ಚ್ ಬಿಟ್ಟರು. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗಂಟು. ಮುಂದೆ ಎಡಬಲಕ್ಕೆ ಎರಡು, ಹಿಂದೆ ಗೇರ್‌ಬಾಕ್ಸಿನ ಕೆಳಗೆ ಒಂದು, ಹೀಗೆ ಮೂರು ರಬ್ಬರಿನ ಮೌಂಟಿಂಗ್‌ಗಳ ಮೇಲೆ ಆ ಗಂಟು ಕೂತಿತ್ತು. ಹಿಂದಿನ ರಬ್ಬರ್ ತಿರುಚಿಕೊಂಡಿತ್ತು. ಕ್ಲಚ್ ಕೆಲಸ ಮುಗಿಸಿ ಗೇರ್‌ಬಾಕ್ಸ್ ಏರಿಸಿದಾಗ ಅದನ್ನು ನೇರ ಕೂರಿಸದೆ ಬೋಲ್ಟ್ ಬಿಗಿದಿದ್ದರು. ಮೇಲಿನ ಸೀಲಿನಿಂದ ಆಯಿಲ್ ತೊಟ್ಟಿಕ್ಕಿ ರಬ್ಬರ್ ಉಬ್ಬಿ ಮೆತ್ತಗಾಗಿ, ಕೊನೆಗೆ ಹರಿದಿತ್ತು. ಗೇರ್‌ಬಾಕ್ಸಿನ ಕಬ್ಬಿಣ ಈಗ ಅಡ್ಡಪಟ್ಟಿಯ ಕಬ್ಬಿಣದ ಮೇಲೆ ನೇರವಾಗಿ ಕೂತಿತ್ತು.

ಹರಿದದ್ದು ಕಣ್ಣಿಗೆ ಕಂಡರೂ ಅವರು ಕೂಡಲೇ ಹೊಸದನ್ನು ತರಿಸಲಿಲ್ಲ. ಇದೇ ಕಾರಣವೋ, ಅಥವಾ ಇದೂ ಒಂದು ದೋಷವೋ ಎಂಬುದನ್ನು ಖಚಿತ ಮಾಡಿಕೊಳ್ಳಬೇಕಲ್ಲ! ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಗೇರ್‌ಬಾಕ್ಸಿನ ಕೆಳಗೆ ಒಂದು ಮರದ ಹಲಗೆ ಇಟ್ಟು ಜಾಕಿಯಿಂದ ಬೆರಳಗಲ ಮೇಲೆತ್ತಿದರು. ಹೊರಗೆ ಬಂದ ಮೇಲೆ ಎಂಜಿನ್ ಚಾಲೂ ಮಾಡಲು ಹೇಳಿದರು. ಕಬ್ಬಿಣ ಕಬ್ಬಿಣವನ್ನು ಬಿಟ್ಟಿತ್ತು. ಎಂಜಿನ್ ಗುಡುಗುಡು ಓಡುತ್ತಿತ್ತು, ಸೀಟಿನ ಮೇಲಿನ ಡಬ್ಬಿ ಸದ್ದಿಲ್ಲದೆ ಕೂತಿತ್ತು. ಫೋನಿನ ಗೆರೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಜಾಕಿ ಇಳಿಸಿದಾಗ ನಡುಕ ಮರಳಿತು, ಮತ್ತೆ ಎತ್ತಿದಾಗ ಹೋಯಿತು. ಒಂದನ್ನೇ ಬದಲಾಯಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು, ಎರಡೆರಡು ಸಲ ನೋಡಿದ ಮೇಲೆ ಇನ್ನು ಸಂದೇಹಕ್ಕೆ ಎಡೆಯಿರಲಿಲ್ಲ. ಪಾಠಪುಸ್ತಕದಲ್ಲಿ ವೈಜ್ಞಾನಿಕ ವಿಧಾನ ಎಂದು ಓದಿ ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ಅದು ಇದೇ.

ರಬ್ಬರ್ ಮಾಡುವ ಕೆಲಸವನ್ನು ಮನೆಯಲ್ಲೇ ನೋಡಬಹುದು. ನಾಲ್ಕೈದು ರಬ್ಬರ್ ಬ್ಯಾಂಡುಗಳನ್ನು ಸರದಂತೆ ಪೋಣಿಸಿ, ತುದಿಗೆ ಒಂದು ಸಣ್ಣ ಬೀಗ ಕಟ್ಟಿ ಕೈಯಲ್ಲಿ ತೂಗುಬಿಡಿ. ಕೈಯನ್ನು ನಿಧಾನ ಮೇಲೆ ಕೆಳಗೆ ಆಡಿಸಿದರೆ ಬೀಗವೂ ಜೊತೆಗೇ ಏರಿಳಿಯುತ್ತದೆ. ಸ್ವಲ್ಪ ವೇಗ ಹೆಚ್ಚಿಸಿದರೆ ಒಂದು ಹಂತದಲ್ಲಿ ಬೀಗ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಅದು ಅನುರಣನ. ಇನ್ನೂ ಬೇಗ ಬೇಗ ಕೈ ಆಡಿಸಿದರೆ ಆಶ್ಚರ್ಯ! ಕೈ ಅದುರುತ್ತಿದ್ದರೂ ಬೀಗ ಹೆಚ್ಚುಕಡಿಮೆ ನಿಂತುಬಿಡುತ್ತದೆ. ರಬ್ಬರಿನ ಮೇಲೆ ಕೂತ ಎಂಜಿನ್ನಿನ ಸ್ವಂತ ತೂಗಾಟದ ಗತಿ ಅದರ ಉರಿಯ ಗತಿಗಿಂತ ಸಾಕಷ್ಟು ಕಡಿಮೆ ಇರುವಂತೆ ತಯಾರಕರು ರಬ್ಬರಿನ ಮೆದುತನವನ್ನು ಆರಿಸುತ್ತಾರೆ. ಎಂಜಿನ್ ತನ್ನಷ್ಟಕ್ಕೆ ಅದುರುತ್ತದೆ, ಚಾಸಿಗೆ ಅದು ತಲುಪುವುದು ಅತ್ಯಲ್ಪ. ರಬ್ಬರ್ ಕಲ್ಲಿನಂತೆ ಗಟ್ಟಿಯಾದರೆ, ಅಥವಾ ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಈ ಏರ್ಪಾಡು ಮುರಿದುಬೀಳುತ್ತದೆ. ನಡುಕ ಹೊಸದಾಗಿ ಹುಟ್ಟಿರುವುದಿಲ್ಲ. ಅದನ್ನು ನುಂಗಿಕೊಳ್ಳುತ್ತಿದ್ದ ವಸ್ತು ಇಲ್ಲವಾಗಿರುತ್ತದೆ, ಅಷ್ಟೇ.

ಹೊಸ ಮೌಂಟಿಂಗ್, ಹೊಸ ಆಯಿಲ್ ಸೀಲು, ಕೂಲಿ ಎಲ್ಲ ಸೇರಿ ಮೂರು ಸಾವಿರವೂ ದಾಟಲಿಲ್ಲ. ಹೊರಡುವ ಮುನ್ನ ತಂದೆ ಸ್ಟೇರಿಂಗ್ ಮೇಲೆ ಕೈಯಿಟ್ಟು, "ಇನ್ನೂ ಸಣ್ಣಗೆ ಅದುರುತ್ತಲ್ಲಾ ಮೇಸ್ತ್ರೀ?" ಎಂದು ಅಳುಕಿನಿಂದ ಕೇಳಿದ. "ಅದು ಅದರ ಜಾತಿಗುಣ ಅಣ್ಣ, ಅದಕ್ಕೆ ಔಷಧಿ ಇಲ್ಲ" ಎಂದರು ಅವರು.

ಅದೂ ನಿಜವೇ. ಸಾಲಾಗಿ ನಿಂತ ನಾಲ್ಕು ಸಿಲಿಂಡರುಗಳಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಎರಡು ಕೆಳಗಿಳಿಯುತ್ತವೆ. ಒಂದಕ್ಕೊಂದು ಸರಿದೂಗಬೇಕಲ್ಲವೇ ಎನಿಸುತ್ತದೆ. ಆದರೆ ಪಿಸ್ಟನ್ನಿಗೆ ಜೋಡಿಸಿದ ರಾಡು ಓರೆಯಾಗುತ್ತ ತಿರುಗುವುದರಿಂದ ಕ್ರ್ಯಾಂಕಿನ ಮೊದಲ ಕಾಲು ಸುತ್ತಿನಲ್ಲಿ ಪಿಸ್ಟನ್ ತನ್ನ ದಾರಿಯ ಅರ್ಧಕ್ಕಿಂತ ಹೆಚ್ಚು ಇಳಿದುಬಿಡುತ್ತದೆ, ಉಳಿದದ್ದನ್ನು ಮುಂದಿನ ಕಾಲು ಸುತ್ತಿನಲ್ಲಿ ಕ್ರಮಿಸುತ್ತದೆ. ಈ ಸಣ್ಣ ವ್ಯತ್ಯಾಸದಿಂದ ಸುತ್ತಿಗೆ ಎರಡು ಸಲದ ಒಂದು ಅದುರು ಉಳಿದೇಬಿಡುತ್ತದೆ. ಇದನ್ನು ಅಳಿಸಲು ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಒಂದು ಉಪಾಯ ಕಂಡುಹಿಡಿದಿದ್ದರು. ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಪರಸ್ಪರ ವಿರುದ್ಧವಾಗಿ ತಿರುಗುವ ಎರಡು ತೂಕದ ಶಾಫ್ಟುಗಳು. ಜಪಾನಿನ ಮಿತ್ಸುಬಿಷಿ ಕಂಪನಿ 1970ರ ದಶಕದಲ್ಲಿ ಇದನ್ನು ಕಾರುಗಳಲ್ಲಿ ಬಳಕೆಗೆ ತಂದಿತು. ಆದರೆ ಶಾಫ್ಟು ಹೆಚ್ಚಿದಷ್ಟೂ ಬೆಲೆಯೂ ರಿಪೇರಿಯೂ ಹೆಚ್ಚು. ಈ ಪಿಕಪ್ಪಿನಂಥ ಸರಳ ಎಂಜಿನ್ನುಗಳಲ್ಲಿ ಅವು ಇರುವುದಿಲ್ಲ. ಹೀಗೆ ಪ್ರತಿ ಗಾಡಿಯಲ್ಲೂ ಸ್ವಭಾವದ ನಡುಕ ಒಂದಿಷ್ಟು, ದೋಷದ ನಡುಕ ಒಂದಿಷ್ಟು. ಯಾವುದು ಯಾವುದೆಂದು ತಿಳಿಯದವನು ಸ್ವಭಾವವನ್ನು ತಿದ್ದಲು ಹಣ ಸುರಿಯುತ್ತಾನೆ.

ಎಂಜಿನ್ ಇಳಿಸಬೇಕೆಂದ ಗ್ಯಾರೇಜಿನವರು ಮೋಸಗಾರರೆಂದು ಹೇಳಲಾಗದು. ಬಾನೆಟ್ ಎತ್ತಿದಾಗ ಎಂಜಿನ್ ಅದುರುವುದು ಕಂಡಿತು, ಎಂಜಿನ್ನೇ ಕೆಟ್ಟಿದೆ ಎಂದರು. ಕೆಲವು ಸಲ ಅದು ನಿಜವೂ ಆಗಿರುತ್ತದೆ. ಸಿಲಿಂಡರಿನ ಒತ್ತಡ ಬಿದ್ದಿದ್ದರೆ, ಆಯಿಲ್ ಪ್ರೆಷರ್ ಇಳಿದಿದ್ದರೆ, ನೀಲಿ ಹೊಗೆ ಬರುತ್ತಿದ್ದರೆ, ಒಳಗಿನಿಂದ ಪೆಟ್ಟು ಕೇಳುತ್ತಿದ್ದರೆ ಎಂಜಿನ್ ಇಳಿಸದೆ ಗತಿಯಿಲ್ಲ. ಆಗ ತಡಮಾಡಿದರೆ ನಷ್ಟ ಇನ್ನೂ ದೊಡ್ಡದು. ಅವರು ಎಡವಿದ್ದು ಇಷ್ಟೇ: ಪ್ರಶ್ನೆಗೆ ಮೊದಲು ಉತ್ತರ ಕೊಟ್ಟರು.

ತಂದೆತಾಯಿಗಳೂ ಮಕ್ಕಳ ವಿಷಯದಲ್ಲಿ ಹಲವು ಸಲ ಹೀಗೆಯೇ ಮಾಡುವುದುಂಟು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಹುಡುಗನ ಅಂಕ ಇಳಿಯಿತು ಎನ್ನಿ. ಮರುದಿನವೇ ಟ್ಯೂಷನ್ ಬದಲು, ಮೊಬೈಲ್ ಕಪಾಟಿನಲ್ಲಿ, ಆಟ ಬಂದ್, ಬೆಳಗಿನ ನಾಲ್ಕಕ್ಕೆ ಅಲಾರಂ. ಎಲ್ಲವೂ ಒಟ್ಟಿಗೆ. ಅಂಕ ಏರಿದರೆ ಯಾವುದರಿಂದ ಏರಿತು ಎಂದು ಗೊತ್ತಾಗುವುದಿಲ್ಲ. ಇಳಿದರಂತೂ ಹುಡುಗನೇ ದಡ್ಡ, ಎಂಜಿನ್ನೇ ಕೆಟ್ಟಿದೆ ಎಂಬ ತೀರ್ಪು. ಯಾವಾಗಿನಿಂದ ಹೀಗೆ? ಎಲ್ಲ ವಿಷಯದಲ್ಲೋ, ಒಂದರಲ್ಲೋ? ಮನೆಯಲ್ಲಿ ಲೆಕ್ಕ ಬಿಡಿಸುವಾಗ ಬರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಬರುವುದಿಲ್ಲವೋ? ಅದಕ್ಕೆ ಮುಂಚೆ ಮನೆಯಲ್ಲಿ ಏನಾದರೂ ಬದಲಾಯಿತೇ? ಹಿಂದಿನ ಬೆಂಚಿಗೆ ಕೂರಿಸಿದ್ದರಿಂದ ಕರಿಹಲಗೆ ಕಾಣದ ಮಕ್ಕಳಿದ್ದಾರೆ, ಒಂದು ಕನ್ನಡಕದಿಂದ ಅವರ ಗಣಿತ ಸರಿಹೋಗುತ್ತದೆ. ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದ ಅಜ್ಜಿ ತೀರಿಹೋದ ಮೇಲೆ ಮಂಕಾದ ಮಕ್ಕಳಿದ್ದಾರೆ. ಅಲ್ಲಿ ಮಗುವಿನೊಳಗೆ ಏನೂ ಕೆಟ್ಟಿರುವುದಿಲ್ಲ, ಅದರ ಅಳುಕನ್ನು ನುಂಗಿಕೊಳ್ಳುತ್ತಿದ್ದ ಒಂದು ಆಸರೆ ತಪ್ಪಿರುತ್ತದೆ.

ಜುಲೈ ತಿಂಗಳಲ್ಲಿ ಆ ಹುಡುಗಿಯ ಸೀಟಿನ ಶುಲ್ಕ ಕಟ್ಟಿದ್ದಾಯಿತು. ಬ್ಯಾಂಕಿನ ಚಲನ್ ಮಡಿಚಿಡಲು ತಂದೆಗೆ ಒಂದು ಜಾಗ ಬೇಕಿತ್ತು. ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ರೆಕಾರ್ಡ್ ಪುಸ್ತಕದೊಳಗೆ ಇಟ್ಟ. ಅದರ ಕೊನೆಯ ಹಾಳೆಗಳಲ್ಲಿ ಈಗ ಅವನೇ ಬರೆಯುತ್ತಾನೆ. ಯಾವ ದಿನ ಆಯಿಲ್ ಬದಲಾಯಿಸಿದ್ದು, ಯಾವ ದಿನ ಹೊಸ ಸದ್ದು ಕೇಳಿದ್ದು, ನಿಂತಾಗಲೋ ಓಡುವಾಗಲೋ, ಕ್ಲಚ್ ತುಳಿದಾಗ ಹೇಗಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟವನ ಅಕ್ಷರ ಸ್ವಲ್ಪ ವಕ್ರ. ಓದಲು ಮಾತ್ರ ಯಾವ ಮೇಸ್ತ್ರಿಗೂ ತೊಂದರೆಯಾಗಿಲ್ಲ.